ದತ್ತಸಂಚಯ ನಿರ್ವಹಣಾ ಉಪಕರಣಗಳಲ್ಲಿ ಕಡತ ನಿರ್ವಹಣೆ: ಸರ್ವರ್ ಬದಿ ಮತ್ತು ಕ್ಲೈಂಟ್ ಬದಿ

1. ಪೀಠಿಕೆ

ಇಲಾಖೆಯ ಅಧೀನ ಕಛೇರಿಗಳಲ್ಲಿ ದತ್ತಸಂಚಯಗಳ ಕಾರ್ಯವನ್ನು ನೋಡಿಕೊಳ್ಳುತ್ತಿರುವ ಸಿಬ್ಬಂದಿ ಹಾಗೂ ಈ ವಿಷಯದಲ್ಲಿ ಆಸಕ್ತಿಯುಳ್ಳ ಸಾರ್ವಜನಿಕರ ಮಾಹಿತಿಗಾಗಿ ಈ ಲೇಖನವನ್ನು ಪ್ರಕಟಿಸಲಾಗಿದೆ.

ದತ್ತಸಂಚಯಕ್ಕೆ ಹೊರಗಿನ ಪಟ್ಟಿಯೊಂದನ್ನು ತುಂಬುವಾಗ, ದತ್ತಸಂಚಯದಿಂದ ಪಟ್ಟಿಯನ್ನು ಹೊರತೆಗೆಯುವಾಗ ಅಥವಾ ಬ್ಯಾಕಪ್ ಪಡೆಯುವಾಗ ನಿರ್ವಹಣಾ ಉಪಕರಣವು ಕಡತದ ಹೆಸರನ್ನೂ ಅದು ಇರುವ ಸ್ಥಳದ ವಿಳಾಸವನ್ನೂ ಕೇಳುತ್ತದೆ. ಆ ವಿಳಾಸವು ಯಾವ ಗಣಕಯಂತ್ರಕ್ಕೆ ಸಂಬಂಧಿಸಿದ್ದು ಎಂಬುದನ್ನು ಮಾತ್ರ ಬಹುತೇಕ ಉಪಕರಣಗಳು ಸ್ಪಷ್ಟವಾಗಿ ತಿಳಿಸುವುದಿಲ್ಲ. ಬಳಕೆದಾರರು ಸಹಜವಾಗಿಯೇ ಅದು ತಮ್ಮ ಮೇಜಿನ ಮೇಲಿನ ಗಣಕಯಂತ್ರದ ವಿಳಾಸವೆಂದು ಭಾವಿಸುತ್ತಾರೆ. ಕೆಲವು ಆಜ್ಞೆಗಳ ಮಟ್ಟಿಗೆ ಅದು ಸರಿ. ಇನ್ನು ಕೆಲವು ಆಜ್ಞೆಗಳಲ್ಲಿ ಅದು ಸರ್ವರ್‌ನ ಡಿಸ್ಕ್‌ಗೆ ಸೇರಿದ್ದಾಗಿರುತ್ತದೆ. ಬ್ರೌಸರ್ ಮೂಲಕ ನಡೆಯುವ ಉಪಕರಣಗಳಲ್ಲಿ ಇವೆರಡೂ ಅಲ್ಲದ ಮೂರನೆಯ ಯಂತ್ರಕ್ಕೆ ಸೇರಿದ್ದಾಗಿರಲೂಬಹುದು.

ಈ ವ್ಯತ್ಯಾಸವನ್ನು ತಿಳಿಯದಿರುವುದರಿಂದ ಉಂಟಾಗುವ ತೊಂದರೆಗಳಲ್ಲಿ "ಕಡತ ದೊರೆಯಲಿಲ್ಲ" ಎಂಬ ದೋಷಸಂದೇಶವು ಅತ್ಯಂತ ಹಗುರವಾದುದು. ಬ್ಯಾಕಪ್ ಬೇರೆಡೆ ಭದ್ರವಾಗಿದೆಯೆಂದು ನಂಬಿರುವಾಗ ಅದು ದತ್ತಸಂಚಯವಿರುವ ಡಿಸ್ಕ್‌ನಲ್ಲಿಯೇ ಇರುವುದು, ಫಲಾನುಭವಿಗಳ ಪಟ್ಟಿಯ ಕೆಲವು ಸಾಲುಗಳು ದೋಷಸಂದೇಶವಿಲ್ಲದೆಯೇ ಬಿಟ್ಟುಹೋಗುವುದು, ವೈಯಕ್ತಿಕ ವಿವರಗಳುಳ್ಳ ಕಡತವು ಯಾರ ಗಮನಕ್ಕೂ ಬಾರದ ಫೋಲ್ಡರಿನಲ್ಲಿ ವರ್ಷಗಟ್ಟಲೆ ಉಳಿಯುವುದು ಇದಕ್ಕಿಂತ ಹೆಚ್ಚು ಗಂಭೀರವಾದವು.

ಕಛೇರಿಯ ಭಾಷೆಯಲ್ಲಿ ಕಡತವೆಂದರೆ ಟಿಪ್ಪಣಿ ಹಾಳೆ ಹಾಗೂ ಪತ್ರವ್ಯವಹಾರದ ಕಟ್ಟು. ಈ ಲೇಖನದಲ್ಲಿ ಆ ಪದವನ್ನು ಗಣಕಯಂತ್ರದ ಫೈಲ್ ಎಂಬ ಅರ್ಥದಲ್ಲಿ ಮಾತ್ರ ಬಳಸಲಾಗಿದೆ.

2. ಎರಡು ಬದಿಗಳ ಅರ್ಥ

ಸರ್ವರ್ ಎಂದರೆ ದತ್ತಸಂಚಯವನ್ನು ತನ್ನ ಡಿಸ್ಕ್‌ನಲ್ಲಿ ಇಟ್ಟುಕೊಂಡು, ಬಂದ ಆಜ್ಞೆಗಳನ್ನು ನೆರವೇರಿಸುವ ತಂತ್ರಾಂಶ ಮತ್ತು ಅದು ನಡೆಯುವ ಯಂತ್ರ. ಕ್ಲೈಂಟ್ ಎಂದರೆ ಆ ಆಜ್ಞೆಗಳನ್ನು ಕಳುಹಿಸುವ ತಂತ್ರಾಂಶ. ಇವೆರಡರ ನಡುವೆ ಇರುವುದು ಜಾಲಸಂಪರ್ಕ ಮಾತ್ರ. ಕ್ಲೈಂಟ್ ಯಂತ್ರದ ಡಿಸ್ಕ್ ಸರ್ವರ್‌ಗೆ ಕಾಣುವುದಿಲ್ಲ, ಸರ್ವರ್‌ನ ಡಿಸ್ಕ್ ಕ್ಲೈಂಟ್‌ಗೆ ಕಾಣುವುದಿಲ್ಲ.

ಇದನ್ನು ಅಭಿಲೇಖಾಲಯದ ಪದ್ಧತಿಗೆ ಹೋಲಿಸಬಹುದು. "ಮೂರನೆಯ ಕಪಾಟಿನ ಎರಡನೆಯ ಅರೆಯಲ್ಲಿರುವ ಕಟ್ಟನ್ನು ತೆಗೆಯುವುದು" ಎಂದು ಅಭಿಲೇಖಪಾಲಕರಿಗೆ ಚೀಟಿ ಕಳುಹಿಸಿದರೆ ಅವರು ನೋಡುವುದು ಅಭಿಲೇಖಾಲಯದ ಮೂರನೆಯ ಕಪಾಟನ್ನು. ಚೀಟಿ ಬರೆದವರ ಕೊಠಡಿಯಲ್ಲಿಯೂ ಮೂರು ಕಪಾಟುಗಳಿರುವುದು ಅವರಿಗೆ ಸಂಬಂಧಿಸಿದ್ದಲ್ಲ. ಅಲ್ಲದೆ ಯಾವ ಕಪಾಟಿನ ಬೀಗದ ಕೈ ಅವರ ಬಳಿ ಇದೆಯೋ ಅದನ್ನು ಮಾತ್ರ ಅವರು ತೆರೆಯಬಲ್ಲರು.

ಬೀಗದ ಕೈಯ ಈ ವಿಷಯವು ಮುಖ್ಯವಾದುದು. ಕಡತವನ್ನು ಸರ್ವರ್ ಓದುವುದಾದರೆ, ಆಜ್ಞೆ ನೀಡಿದವರು ಯಾರೇ ಆಗಿರಲಿ, ಕಡತ ತೆರೆಯಲು ಪರಿಗಣನೆಗೆ ಬರುವುದು ಸರ್ವರ್ ತಂತ್ರಾಂಶವು ನಡೆಯುತ್ತಿರುವ ಖಾತೆಯ ಅನುಮತಿ. ಲಿನಕ್ಸ್ ಯಂತ್ರಗಳಲ್ಲಿ ಪೋಸ್ಟ್‌ಗ್ರೆಸ್‌ಕ್ಯೂಎಲ್ ಸಾಮಾನ್ಯವಾಗಿ "ಪೋಸ್ಟ್‌ಗ್ರೆಸ್" ಎಂಬ ಖಾತೆಯಲ್ಲಿಯೂ ಮೈಎಸ್‌ಕ್ಯೂಎಲ್ "ಮೈಎಸ್‌ಕ್ಯೂಎಲ್" ಎಂಬ ಖಾತೆಯಲ್ಲಿಯೂ ನಡೆಯುತ್ತವೆ. ಆದಕಾರಣ ಸರ್ವರ್ ಯಂತ್ರದಲ್ಲಿಯೇ ಕುಳಿತು, ತಮ್ಮ ಸ್ವಂತ ಹೋಮ್ ಫೋಲ್ಡರಿನಲ್ಲಿರುವ ಕಡತವನ್ನು ತುಂಬಲು ಹೊರಟವರಿಗೂ "ಅನುಮತಿ ಇಲ್ಲ" ಎಂಬ ಉತ್ತರ ಬರುವುದುಂಟು. ಕಡತವನ್ನು ಕ್ಲೈಂಟ್ ಓದುವುದಾದರೆ ಆ ಕ್ಲೈಂಟ್ ತಂತ್ರಾಂಶವನ್ನು ನಡೆಸುತ್ತಿರುವ ಬಳಕೆದಾರರ ಅನುಮತಿಯೇ ಸಾಕು.

ಎಸ್‌ಕ್ಯೂಲೈಟ್‌ನಂತಹ ದತ್ತಸಂಚಯಗಳಲ್ಲಿ ಪ್ರತ್ಯೇಕ ಸರ್ವರ್ ಇರುವುದಿಲ್ಲವಾದ್ದರಿಂದ ಈ ಪ್ರಶ್ನೆಯೇ ಉದ್ಭವಿಸುವುದಿಲ್ಲ.

3. ಪೋಸ್ಟ್‌ಗ್ರೆಸ್‌ಕ್ಯೂಎಲ್

ಎರಡು ಬದಿಗಳ ಭೇದವನ್ನು ಅತ್ಯಂತ ಸ್ವಚ್ಛವಾಗಿ ಕಾಣಬಹುದಾದುದು ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಲ್ಲಿ. ಇಲ್ಲಿ "ಕಾಪಿ" ಎಂಬ ಒಂದೇ ಹೆಸರಿನ ಎರಡು ಆಜ್ಞೆಗಳಿವೆ. ಮೊದಲನೆಯದು ಸರ್ವರ್‌ನ ಎಸ್‌ಕ್ಯೂಎಲ್ ಆಜ್ಞೆ. ಅದರಲ್ಲಿ ಕಡತದ ವಿಳಾಸ ನೀಡಿದರೆ ಸರ್ವರ್ ತನ್ನ ಡಿಸ್ಕ್‌ನಲ್ಲಿ ಹುಡುಕುತ್ತದೆ. ಎರಡನೆಯದು "ಪಿಎಸ್‌ಕ್ಯೂಎಲ್" ಎಂಬ ಕ್ಲೈಂಟ್ ಉಪಕರಣದ್ದು. ಹೆಸರಿನ ಹಿಂದೆ ಹಿಂಬಾಗಿದ ಗೆರೆಯೊಂದು, ಅಂದರೆ ಬ್ಯಾಕ್‌ಸ್ಲ್ಯಾಷ್, ಇರುತ್ತದೆ. ಆ ಒಂದು ಗೆರೆಯಿಂದ ಕಡತವನ್ನು ಓದುವ ಯಂತ್ರವೇ ಬದಲಾಗುತ್ತದೆ. ಕ್ಲೈಂಟ್ ಕಡತವನ್ನು ತೆರೆದು ಅದರೊಳಗಿನ ದತ್ತಾಂಶವನ್ನು ಜಾಲಸಂಪರ್ಕದ ಮೂಲಕ ಸರ್ವರ್‌ಗೆ ಕಳುಹಿಸುತ್ತದೆ.

ಸರ್ವರ್ ಬದಿಯ ಕಾಪಿಗೆ ವಿಶೇಷ ಅಧಿಕಾರ ಬೇಕು. 2018ರಲ್ಲಿ ಬಂದ 11ನೆಯ ಆವೃತ್ತಿಯವರೆಗೆ ಇದನ್ನು ಸೂಪರ್‌ಯೂಸರ್ ಮಾತ್ರ ಮಾಡಬಹುದಾಗಿತ್ತು. ಆ ಆವೃತ್ತಿಯಿಂದ ಸರ್ವರ್ ಕಡತಗಳನ್ನು ಓದಲು, ಬರೆಯಲು ಪ್ರತ್ಯೇಕ ಪಾತ್ರಗಳನ್ನು ಏರ್ಪಡಿಸಲಾಗಿದ್ದು, ಅವುಗಳನ್ನು ಬೇಕಾದ ಬಳಕೆದಾರರಿಗೆ ನೀಡಬಹುದು. ಆದರೆ ಸರ್ವರ್‌ನ ಡಿಸ್ಕ್‌ನ ಮೇಲೆ ಬರೆಯುವ ಅಧಿಕಾರವು ದತ್ತಸಂಚಯದೊಳಗಿನ ಎಲ್ಲಾ ಕಟ್ಟುಪಾಡುಗಳನ್ನು ದಾಟಿ ಹೋಗಬಲ್ಲ ಅಧಿಕಾರವಾಗಿರುವುದರಿಂದ ಅದನ್ನು ಸುಲಭವಾಗಿ ಹಂಚತಕ್ಕದ್ದಲ್ಲ. ದೈನಂದಿನ ಪಟ್ಟಿಗಳನ್ನು ತುಂಬುವ ಸಿಬ್ಬಂದಿಗೆ ಕ್ಲೈಂಟ್ ಬದಿಯ ಕಾಪಿ ಸಾಕು. ಅದಕ್ಕೆ ಸಂಬಂಧಪಟ್ಟ ಕೋಷ್ಟಕದ ಮೇಲಿನ ಅಧಿಕಾರ ಹೊರತು ಬೇರೇನೂ ಬೇಕಾಗಿಲ್ಲ.

ಕ್ಲೈಂಟ್ ಬದಿಯ ಕಾಪಿಗೆ ಎರಡು ಮಿತಿಗಳಿವೆ. ಆಜ್ಞೆ ಪೂರ್ತಿಯಾಗಿ ಒಂದೇ ಸಾಲಿನಲ್ಲಿರಬೇಕು. ಓದಲು ಅನುಕೂಲವೆಂದು ಎರಡು ಸಾಲುಗಳಾಗಿ ಮುರಿದರೆ ಕೆಲಸ ಮಾಡುವುದಿಲ್ಲ. ಮತ್ತು ದತ್ತಾಂಶವೆಲ್ಲವೂ ಜಾಲಸಂಪರ್ಕದ ಮೂಲಕ ಹಾದುಹೋಗಬೇಕಾದ್ದರಿಂದ ಬಹು ದೊಡ್ಡ ಕಡತಗಳಿಗೆ ಸರ್ವರ್ ಬದಿಯ ವಿಧಾನವೇ ವೇಗವಾದುದು. ಕೆಲವು ಸಾವಿರ ಸಾಲುಗಳ ಪಟ್ಟಿಗೆ ಈ ವೇಗದ ವ್ಯತ್ಯಾಸವನ್ನು ಪರಿಗಣಿಸುವ ಅಗತ್ಯ ಕಂಡುಬರುವುದಿಲ್ಲ.

ಸರ್ವರ್ ಬದಿಯ ಕಾಪಿಗೆ ಕಡತ ದೊರೆಯದಿದ್ದಾಗ ಈಚಿನ ಆವೃತ್ತಿಗಳು ದೋಷಸಂದೇಶದ ಕೆಳಗೆ ಒಂದು ಸೂಚನೆಯನ್ನೂ ನೀಡುತ್ತವೆ: ಈ ಆಜ್ಞೆಯಲ್ಲಿ ಕಡತವನ್ನು ಓದುವುದು ಸರ್ವರ್, ಕ್ಲೈಂಟ್ ಬದಿಯ ವಿಧಾನ ಬೇಕಿದ್ದಲ್ಲಿ ಅದನ್ನು ಬಳಸಬಹುದು ಎಂಬುದು ಅದರ ತಾತ್ಪರ್ಯ. ದೋಷಸಂದೇಶದ ಮೊದಲ ಸಾಲನ್ನಷ್ಟೇ ಓದಿ ಕಿಟಕಿಯನ್ನು ಮುಚ್ಚುವ ಅಭ್ಯಾಸವಿರುವವರಿಗೆ ಇದು ಕಾಣುವುದಿಲ್ಲ.

4. ಮೈಎಸ್‌ಕ್ಯೂಎಲ್: "ಲೋಕಲ್" ಎಂಬ ಒಂದು ಪದ

ಮೈಎಸ್‌ಕ್ಯೂಎಲ್‌ನಲ್ಲಿ ಪಟ್ಟಿಯನ್ನು ತುಂಬುವ ಆಜ್ಞೆ "ಲೋಡ್ ಡೇಟಾ ಇನ್‌ಫೈಲ್". ಹೀಗೆಯೇ ಬರೆದರೆ ಕಡತವನ್ನು ಸರ್ವರ್ ಓದುತ್ತದೆ. "ಲೋಡ್ ಡೇಟಾ ಲೋಕಲ್ ಇನ್‌ಫೈಲ್" ಎಂದು ಬರೆದರೆ ಕ್ಲೈಂಟ್ ಓದಿ ಸರ್ವರ್‌ಗೆ ಕಳುಹಿಸುತ್ತದೆ.

ಮೊದಲ ರೂಪಕ್ಕೆ ಬಳಕೆದಾರರಿಗೆ "ಫೈಲ್" ಎಂಬ ವಿಶೇಷಾಧಿಕಾರವಿರಬೇಕು. ಜೊತೆಗೆ ಕಡತವು "ಸೆಕ್ಯೂರ್ ಫೈಲ್ ಪ್ರಿವ್" ಎಂಬ ವ್ಯವಸ್ಥಾ ಮೌಲ್ಯದಲ್ಲಿ ನಮೂದಿಸಿದ ಫೋಲ್ಡರಿನಲ್ಲಿಯೇ ಇರಬೇಕು. ಇದು ಪಾಲನೆಯಾಗದಿದ್ದಲ್ಲಿ 1290 ಸಂಖ್ಯೆಯ ದೋಷಸಂದೇಶ ಬರುತ್ತದೆ. ಅಂತರಜಾಲದಲ್ಲಿ ಈ ಸಂದೇಶಕ್ಕೆ ಸೂಚಿಸಲಾಗುವ ಪರಿಹಾರಗಳಲ್ಲಿ ಒಂದು, ಆ ಮೌಲ್ಯವನ್ನು ಖಾಲಿ ಬಿಡುವುದು. ಹಾಗೆ ಮಾಡಿದಲ್ಲಿ ಫೈಲ್ ಅಧಿಕಾರವುಳ್ಳ ಯಾವುದೇ ಬಳಕೆದಾರರು ಸರ್ವರ್ ಖಾತೆಗೆ ಎಟುಕುವ ಯಾವುದೇ ಕಡತವನ್ನು ಓದಬಹುದಾಗುತ್ತದೆ. ಕಡತವನ್ನು ನಿಗದಿತ ಫೋಲ್ಡರಿಗೆ ಸಾಗಿಸುವುದು ಒಂದು ನಿಮಿಷದ ಕೆಲಸ. ಅದನ್ನೇ ಮಾಡುವುದು ಸೂಕ್ತ.

ಎರಡನೆಯ ರೂಪದ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಏಕೆಂದರೆ ಇದರಲ್ಲಿ ಕಡತದ ಸ್ಥಳದೊಂದಿಗೆ ತಪ್ಪುಗಳನ್ನು ಪರಿಗಣಿಸುವ ರೀತಿಯೂ ಬದಲಾಗುತ್ತದೆ.

ಸರ್ವರ್ ತಾನೇ ಕಡತವನ್ನು ಓದುತ್ತಿರುವಾಗ, ಈಗಾಗಲೇ ಕೋಷ್ಟಕದಲ್ಲಿರುವ ನೋಂದಣಿ ಸಂಖ್ಯೆಯೊಂದು ಪಟ್ಟಿಯಲ್ಲಿ ಮತ್ತೆ ಬಂದರೆ ದೋಷವೆಂದು ಘೋಷಿಸಿ ಕೆಲಸವನ್ನು ಅಲ್ಲಿಗೇ ನಿಲ್ಲಿಸುತ್ತದೆ. ಕಡತವನ್ನು ಕ್ಲೈಂಟ್ ಕಳುಹಿಸುತ್ತಿರುವಾಗ, ನಡುವೆ "ಸಾಕು, ನಿಲ್ಲಿಸು" ಎಂದು ಹೇಳುವ ಅವಕಾಶವು ಸರ್ವರ್‌ಗೆ ಇಲ್ಲ. ಆದಕಾರಣ "ಲೋಕಲ್" ಎಂದು ಬರೆದಾಗ, ಬೇರೆ ನಿರ್ದೇಶನವಿಲ್ಲದಿದ್ದಲ್ಲಿ, ಸರ್ವರ್ ಪುನರಾವರ್ತಿತ ಸಾಲನ್ನು ಬಿಟ್ಟು ಮುಂದಿನ ಸಾಲಿಗೆ ಹೋಗುತ್ತದೆ. ದಿನಾಂಕದ ಅಂಕಣದಲ್ಲಿ ದಿನಾಂಕವಲ್ಲದ್ದು, ಮೊತ್ತದ ಅಂಕಣದಲ್ಲಿ ಅಕ್ಷರಗಳು ಬಂದಾಗಲೂ ದೋಷಕ್ಕೆ ಬದಲಾಗಿ ಎಚ್ಚರಿಕೆಯನ್ನಷ್ಟೇ ದಾಖಲಿಸಿ ಮುಂದುವರಿಯುತ್ತದೆ. ಕಡತವು ಸರ್ವರ್ ಯಂತ್ರದಲ್ಲಿಯೇ ಇದ್ದರೂ, "ಲೋಕಲ್" ಎಂಬ ಪದವಿದ್ದಲ್ಲಿ ನಡವಳಿಕೆ ಇದೇ ಆಗಿರುತ್ತದೆ.

ಉದಾಹರಣೆಗೆ, 12,000 ಸಾಲುಗಳ ವಿದ್ಯಾರ್ಥಿವೇತನ ಪಟ್ಟಿಯಲ್ಲಿ 40 ಮಂದಿಗೆ ಬೇರೊಬ್ಬರ ನೋಂದಣಿ ಸಂಖ್ಯೆ ತಪ್ಪಾಗಿ ನಮೂದಾಗಿದೆಯೆಂದು ಭಾವಿಸೋಣ. ಸರ್ವರ್ ಬದಿಯ ವಿಧಾನದಲ್ಲಿ ಕೆಲಸ ನಿಲ್ಲುತ್ತದೆ, ಸಿಬ್ಬಂದಿ ಪಟ್ಟಿಯನ್ನು ಪರಿಶೀಲಿಸುತ್ತಾರೆ, ತಪ್ಪು ಹೊರಬೀಳುತ್ತದೆ. ಕ್ಲೈಂಟ್ ಬದಿಯ ವಿಧಾನದಲ್ಲಿ 11,960 ಸಾಲುಗಳು ಸೇರಿ ಆಜ್ಞೆಯು ಯಶಸ್ವಿಯಾಗಿ ಮುಗಿಯುತ್ತದೆ. ಉಳಿದ 40 ವಿದ್ಯಾರ್ಥಿಗಳ ಹೆಸರು ದತ್ತಸಂಚಯದಲ್ಲಿ ಇರುವುದಿಲ್ಲ. ಪಾವತಿ ಆದೇಶವು ದತ್ತಸಂಚಯದಿಂದಲೇ ಸಿದ್ಧವಾಗುವುದರಿಂದ ಅದರಲ್ಲಿಯೂ ಇರುವುದಿಲ್ಲ. ಹಣ ಬರಲಿಲ್ಲವೆಂದು ಅರ್ಜಿದಾರರು ಕಛೇರಿಗೆ ಬಂದಾಗಲೇ ವಿಷಯ ತಿಳಿಯುವುದು.

ಮೈಎಸ್‌ಕ್ಯೂಎಲ್ ಈ ಮಾಹಿತಿಯನ್ನು ಮರೆಮಾಚುವುದಿಲ್ಲ ಎಂಬುದನ್ನೂ ಹೇಳಬೇಕು. ಆಜ್ಞೆ ಮುಗಿದೊಡನೆ ಒಂದು ಸಾಲಿನಲ್ಲಿ ನಾಲ್ಕು ಸಂಖ್ಯೆಗಳನ್ನು ತೋರಿಸುತ್ತದೆ: ಓದಿದ ದಾಖಲೆಗಳು, ಅಳಿಸಿದವು, ಬಿಟ್ಟವು, ಎಚ್ಚರಿಕೆಗಳು. ಮೂರನೆಯ ಮತ್ತು ನಾಲ್ಕನೆಯ ಸಂಖ್ಯೆಗಳು ಸೊನ್ನೆಯಾಗಿಲ್ಲದಿದ್ದರೆ "ಷೋ ವಾರ್ನಿಂಗ್ಸ್" ಆಜ್ಞೆಯಿಂದ ವಿವರ ಪಡೆಯಬಹುದು. ಆದರೆ ಸರ್ವರ್ ನೆನಪಿನಲ್ಲಿಟ್ಟುಕೊಳ್ಳುವ ಎಚ್ಚರಿಕೆಗಳಿಗೆ ಮಿತಿ ಇದೆ. ಮೂಲ ಏರ್ಪಾಡಿನಲ್ಲಿ 8.0 ಆವೃತ್ತಿಯಿಂದ ಈ ಮಿತಿ 1,024. ಅದಕ್ಕೆ ಹಿಂದಿನ ಆವೃತ್ತಿಗಳಲ್ಲಿ ಕೇವಲ 64. ಆದ್ದರಿಂದ ಎಚ್ಚರಿಕೆಗಳ ಪಟ್ಟಿಯನ್ನು ಓದಿ ತಪ್ಪುಗಳೆಲ್ಲವೂ ಸಿಕ್ಕವೆಂದು ತಿಳಿಯುವಂತಿಲ್ಲ.

ಲೆಕ್ಕಶಾಖೆಯವರು ರೋಜು ಪುಸ್ತಕವನ್ನು ಖಾತೆಯೊಡನೆ ತಾಳೆ ನೋಡದೆ ದಿನದ ಲೆಕ್ಕ ಮುಗಿಸುವುದಿಲ್ಲ. ಇಲ್ಲಿಯೂ ಅದೇ ಕ್ರಮ ಅನ್ವಯಿಸುತ್ತದೆ. ಮೂಲ ಕಡತದ ಸಾಲುಗಳ ಸಂಖ್ಯೆ, ತುಂಬುವ ಮೊದಲು ಮತ್ತು ನಂತರ ಕೋಷ್ಟಕದಲ್ಲಿದ್ದ ಸಾಲುಗಳ ಸಂಖ್ಯೆ, ಮೊತ್ತದ ಅಂಕಣವಿದ್ದಲ್ಲಿ ಎರಡೂ ಕಡೆಯ ಒಟ್ಟು ಮೊತ್ತ, ಇವು ತಾಳೆಯಾಗತಕ್ಕದ್ದು. ಸಂಖ್ಯೆ ತಾಳೆಯಾಗಿ ಮೊತ್ತ ತಾಳೆಯಾಗದಿದ್ದಲ್ಲಿ ಸಾಲು ಬಿಟ್ಟಿಲ್ಲ, ಆದರೆ ಮೌಲ್ಯ ಕೆಟ್ಟಿದೆ ಎಂದರ್ಥ. ಪಟ್ಟಿಯನ್ನು ನೇರವಾಗಿ ಅಂತಿಮ ಕೋಷ್ಟಕಕ್ಕೆ ತುಂಬುವ ಬದಲು, ನಿರ್ಬಂಧಗಳಿಲ್ಲದ ತಾತ್ಕಾಲಿಕ ಕೋಷ್ಟಕವೊಂದಕ್ಕೆ ತುಂಬಿ, ಅಲ್ಲಿ ಪರಿಶೀಲಿಸಿ, ನಂತರ ವರ್ಗಾಯಿಸುವುದು ಇನ್ನೂ ಉತ್ತಮ ಕ್ರಮ.

"ಲೋಕಲ್" ರೂಪಕ್ಕೆ ಭದ್ರತೆಯ ಮತ್ತೊಂದು ಮುಖವಿದೆ. ಆಜ್ಞೆಯನ್ನು ಕಳುಹಿಸಿದ ನಂತರ, ಯಾವ ಕಡತ ಬೇಕೆಂದು ಕ್ಲೈಂಟ್‌ಗೆ ತಿಳಿಸುವುದು ಸರ್ವರ್. ಸರ್ವರ್ ಪ್ರಾಮಾಣಿಕವಾಗಿದ್ದರೆ ಆಜ್ಞೆಯಲ್ಲಿದ್ದ ಹೆಸರನ್ನೇ ಹೇಳುತ್ತದೆ. ತಿದ್ದಲ್ಪಟ್ಟ ಸರ್ವರ್ ಬೇರೆ ಹೆಸರನ್ನು ಹೇಳಿ ಕ್ಲೈಂಟ್ ಯಂತ್ರದ ಬೇರೊಂದು ಕಡತವನ್ನು ತರಿಸಿಕೊಳ್ಳಬಹುದು. 2018ರಲ್ಲಿ ಬಿಡುಗಡೆಯಾದ 8.0 ಆವೃತ್ತಿಯಿಂದ ಈ ಸೌಲಭ್ಯವನ್ನು ಮೂಲ ಏರ್ಪಾಡಿನಲ್ಲಿ ಮುಚ್ಚಿಡಲಾಗಿದೆ. ಅಗತ್ಯವಿದ್ದಲ್ಲಿ ಸರ್ವರ್ ಮತ್ತು ಕ್ಲೈಂಟ್ ಎರಡೂ ಕಡೆ ತೆರೆಯಬೇಕು. 8.0.21 ಆವೃತ್ತಿಯಿಂದ ಒಂದು ನಿರ್ದಿಷ್ಟ ಫೋಲ್ಡರಿನ ಕಡತಗಳಿಗೆ ಮಾತ್ರ ಅನುಮತಿ ನೀಡುವ ಏರ್ಪಾಡು ಕ್ಲೈಂಟ್ ಬದಿಯಲ್ಲಿದ್ದು, ತೆರೆಯಲೇಬೇಕಾದಾಗ ಅದನ್ನು ಬಳಸುವುದು ಅಪೇಕ್ಷಣೀಯ.

ಹೊರತೆಗೆಯುವ ದಿಕ್ಕಿನಲ್ಲಿ "ಸೆಲೆಕ್ಟ್ ಇನ್‌ಟು ಔಟ್‌ಫೈಲ್" ಯಾವಾಗಲೂ ಸರ್ವರ್‌ನ ಡಿಸ್ಕ್‌ಗೇ ಬರೆಯುತ್ತದೆ. ಅದಕ್ಕೆ "ಲೋಕಲ್" ರೂಪವಿಲ್ಲ. ಅದೇ ಹೆಸರಿನ ಕಡತ ಅಲ್ಲಿ ಮೊದಲೇ ಇದ್ದರೆ ಅದರ ಮೇಲೆ ಬರೆಯದೆ ನಿರಾಕರಿಸುತ್ತದೆ. ವಿಂಡೋಸ್ ಮಾದರಿಯ ವಿಳಾಸಗಳನ್ನು ಬರೆಯುವಾಗ ಪ್ರತಿ ಬ್ಯಾಕ್‌ಸ್ಲ್ಯಾಷ್ ಅನ್ನು ಎರಡು ಬಾರಿ ಬರೆಯಬೇಕು ಅಥವಾ ಮುಂಬಾಗಿದ ಗೆರೆಯನ್ನು ಬಳಸಬೇಕು.

5. ಬ್ಯಾಕಪ್ ಎಲ್ಲಿದೆ?

ಮೈಕ್ರೋಸಾಫ್ಟ್ ಎಸ್‌ಕ್ಯೂಎಲ್ ಸರ್ವರ್‌ನ ಮ್ಯಾನೇಜ್‌ಮೆಂಟ್ ಸ್ಟುಡಿಯೋ ಉಪಕರಣದಲ್ಲಿ ಬ್ಯಾಕಪ್ ಕಿಟಕಿಯನ್ನು ತೆರೆದು ಫೋಲ್ಡರ್ ಆಯ್ಕೆ ಮಾಡಲು ಹೊರಟರೆ ಕಾಣುವ ಸಿ, ಡಿ ಡ್ರೈವ್‌ಗಳು ಸರ್ವರ್‌ನವು. ನೋಟಕ್ಕೆ ಅವು ಮೇಜಿನ ಗಣಕಯಂತ್ರದ ಡ್ರೈವ್‌ಗಳಂತೆಯೇ ಇರುತ್ತವೆ. ಅದೇ ಉಪಕರಣದಲ್ಲಿ ಪ್ರಶ್ನೆಯ ಫಲಿತಾಂಶವನ್ನು ಕಡತವಾಗಿ ಉಳಿಸಿದರೆ ಅದು ಮೇಜಿನ ಗಣಕಯಂತ್ರದಲ್ಲಿ ಉಳಿಯುತ್ತದೆ. ಒಂದೇ ತಂತ್ರಾಂಶದ ಎರಡು ಕಿಟಕಿಗಳು ಎರಡು ಬೇರೆ ಯಂತ್ರಗಳನ್ನು ತೋರಿಸುತ್ತಿದ್ದು, ಕಿಟಕಿಯ ಮೇಲೆ ಅದನ್ನು ಎತ್ತಿ ಹೇಳುವ ವ್ಯವಸ್ಥೆ ಇಲ್ಲ. ವಿನ್ಯಾಸಕಾರರು ಇದನ್ನು ಇನ್ನಷ್ಟು ಸ್ಪಷ್ಟವಾಗಿ ಮಾಡಬಹುದಿತ್ತೆಂಬುದು ಅನೇಕರ ಅನಿಸಿಕೆ, ಅದು ನ್ಯಾಯವೂ ಆಗಿದೆ.

ಮೂಲ ಏರ್ಪಾಡಿನಂತೆ ಬಿಟ್ಟರೆ ಬ್ಯಾಕಪ್ ಕಡತವು ಸರ್ವರ್ ತಂತ್ರಾಂಶವನ್ನು ಸ್ಥಾಪಿಸಿದ ಫೋಲ್ಡರಿನ ಒಳಗೇ ಹೋಗಿ ಕೂರುತ್ತದೆ. ಪ್ರತಿ ಶನಿವಾರ ತಪ್ಪದೆ ಬ್ಯಾಕಪ್ ಪಡೆದು ವಹಿಯಲ್ಲಿ ಸಹಿ ಮಾಡಿದ್ದರೂ, ದತ್ತಸಂಚಯ ಮತ್ತು ಬ್ಯಾಕಪ್ ಒಂದೇ ಡಿಸ್ಕ್‌ನಲ್ಲಿದ್ದರೆ ಡಿಸ್ಕ್ ಕೆಟ್ಟ ದಿನ ಎರಡೂ ಒಟ್ಟಿಗೆ ಹೋಗುತ್ತವೆ. ಆದ್ದರಿಂದ ಬ್ಯಾಕಪ್ ವಹಿಯಲ್ಲಿ ಕಡತದ ಹೆಸರು ಮತ್ತು ದಿನಾಂಕದೊಂದಿಗೆ ಅದು ಇರುವ ಯಂತ್ರದ ಹೆಸರನ್ನೂ ಬರೆಯಲು ಒಂದು ಅಂಕಣವಿರುವುದು ಅವಶ್ಯ.

ಬ್ಯಾಕಪ್ ಅನ್ನು ಬೇರೆ ಯಂತ್ರಕ್ಕೆ ನೇರವಾಗಿ ಬರೆಸಲು ಹೊರಟವರು ಮತ್ತೊಂದು ತೊಡಕನ್ನು ಎದುರಿಸುತ್ತಾರೆ. ತಮ್ಮ ಗಣಕಯಂತ್ರದಲ್ಲಿ ಜೆಡ್ ಎಂಬ ಅಕ್ಷರಕ್ಕೆ ಜೋಡಿಸಿಕೊಂಡ ಜಾಲ ಡ್ರೈವ್ ಸರ್ವರ್‌ಗೆ ಕಾಣುವುದಿಲ್ಲ. ಆ ಜೋಡಣೆಯು ಆ ಬಳಕೆದಾರರ ಲಾಗಿನ್‌ಗೆ ಮಾತ್ರ ಸೇರಿದ್ದು. ಯಂತ್ರದ ಹೆಸರು ಮತ್ತು ಹಂಚಿಕೆಯ ಹೆಸರುಳ್ಳ ಪೂರ್ಣ ಜಾಲ ವಿಳಾಸವನ್ನು ಕೊಡಬೇಕು, ಹಾಗೂ ಆ ಹಂಚಿಕೆಯಲ್ಲಿ ಬರೆಯುವ ಅನುಮತಿ ಎಸ್‌ಕ್ಯೂಎಲ್ ಸರ್ವರ್ ಸೇವೆಯ ಖಾತೆಗೆ ಇರಬೇಕು. ದೋಷಸಂದೇಶದಲ್ಲಿ ಕಾರ್ಯಾಚರಣಾ ವ್ಯವಸ್ಥೆಯ ದೋಷ 3 ಎಂದಿದ್ದರೆ ವಿಳಾಸವೇ ಸಿಕ್ಕಿಲ್ಲ, 5 ಎಂದಿದ್ದರೆ ವಿಳಾಸ ಸಿಕ್ಕಿದೆ ಆದರೆ ಅನುಮತಿ ಇಲ್ಲ. ಪಟ್ಟಿಗಳನ್ನು ತುಂಬುವ "ಬಲ್ಕ್ ಇನ್‌ಸರ್ಟ್" ಆಜ್ಞೆಯೂ ಸರ್ವರ್ ಬದಿಯದೇ. "ಬಿಸಿಪಿ" ಎಂಬ ಪ್ರತ್ಯೇಕ ಉಪಕರಣವು ಕ್ಲೈಂಟ್ ಬದಿಯದು.

ಒರಾಕಲ್‌ನಲ್ಲಿ ಬದಿಯೇ ಕಾಲಕ್ರಮದಲ್ಲಿ ಬದಲಾಯಿತು. ಹಳೆಯ "ಎಕ್ಸ್‌ಪೋರ್ಟ್" ಉಪಕರಣವನ್ನು ಯಾವ ಯಂತ್ರದಲ್ಲಿ ನಡೆಸಿದರೋ ಆ ಯಂತ್ರದಲ್ಲಿಯೇ ಡಂಪ್ ಕಡತ ಸಿಗುತ್ತಿತ್ತು. 10ಜಿ ಆವೃತ್ತಿಯೊಂದಿಗೆ ಬಂದ "ಡೇಟಾ ಪಂಪ್" ಉಪಕರಣದಲ್ಲಿ ಆಜ್ಞೆಯನ್ನು ಎಲ್ಲಿಂದ ನೀಡಿದರೂ ಕಡತ ತಯಾರಾಗುವುದು ಸರ್ವರ್‌ನಲ್ಲಿ. ಇಲ್ಲಿ ವಿಳಾಸವನ್ನು ನೇರವಾಗಿ ಬರೆಯುವಂತಿಲ್ಲ. ನಿರ್ವಾಹಕರು ಮೊದಲು "ಡೈರೆಕ್ಟರಿ" ಎಂಬ ಹೆಸರಿನ ವಸ್ತುವೊಂದನ್ನು ದತ್ತಸಂಚಯದಲ್ಲಿ ಸೃಷ್ಟಿಸಿ, ಅದನ್ನು ಸರ್ವರ್‌ನ ಒಂದು ಫೋಲ್ಡರಿಗೆ ಹೊಂದಿಸಿ, ಓದುವ ಬರೆಯುವ ಅಧಿಕಾರವನ್ನು ಬಳಕೆದಾರರಿಗೆ ನೀಡಬೇಕು. ಬಳಕೆದಾರರು ಆ ಹೆಸರನ್ನು ಮಾತ್ರ ಬಳಸುತ್ತಾರೆ. ಇದು ಮೊದಲಿಗೆ ತೊಡಕೆನಿಸಿದರೂ, ಯಾರು ಯಾವ ಫೋಲ್ಡರನ್ನು ಮುಟ್ಟಬಹುದೆಂಬುದು ಕಾಗದದ ಮೇಲೆ ಇರುವಂತೆ ದಾಖಲಾಗುವುದರಿಂದ ಲೆಕ್ಕಪರಿಶೋಧನೆಯ ದೃಷ್ಟಿಯಿಂದ ಉಳಿದವುಗಳಿಗಿಂತ ಮೇಲಾದ ಏರ್ಪಾಡೆಂದು ಹೇಳಬಹುದು.

ಪೋಸ್ಟ್‌ಗ್ರೆಸ್‌ಕ್ಯೂಎಲ್‌ನ "ಪಿಜಿ ಡಂಪ್" ಮತ್ತು ಮೈಎಸ್‌ಕ್ಯೂಎಲ್‌ನ "ಮೈಎಸ್‌ಕ್ಯೂಎಲ್ ಡಂಪ್" ಎರಡೂ ಕ್ಲೈಂಟ್ ಬದಿಯ ಉಪಕರಣಗಳು. ಕಡತ ದೊರೆಯುವುದು ಉಪಕರಣವನ್ನು ನಡೆಸಿದ ಯಂತ್ರದಲ್ಲಿ. ಎರಡನೆಯದರಲ್ಲಿ ಒಂದು ಅಪವಾದವಿದೆ: "ಟ್ಯಾಬ್" ಆಯ್ಕೆಯನ್ನು ಬಳಸಿದರೆ ಕೋಷ್ಟಕದ ರಚನೆಯ ಕಡತವನ್ನು ಕ್ಲೈಂಟ್ ಬರೆಯುತ್ತದೆ, ದತ್ತಾಂಶದ ಕಡತವನ್ನು ಸರ್ವರ್ ಬರೆಯುತ್ತದೆ. ಬೇರೆ ಯಂತ್ರದಿಂದ ನಡೆಸಿದವರ ಕೈಗೆ ರಚನೆ ಮಾತ್ರ ಸಿಗುತ್ತದೆ. ಎರಡೂ ಒಂದೇ ಯಂತ್ರದಲ್ಲಿದ್ದಾಗ ಹೊರತು ಈ ಆಯ್ಕೆಯನ್ನು ಬಳಸಬಾರದು.

ಕ್ಲೈಂಟ್ ಬದಿಯ ಬ್ಯಾಕಪ್‌ನ ದೌರ್ಬಲ್ಯವೆಂದರೆ ನಡುವೆ ಸಂಪರ್ಕ ಕಡಿದರೆ ಅಥವಾ ವಿದ್ಯುತ್ ಹೋದರೆ ಅರ್ಧ ಕಡತ ಉಳಿಯುವುದು. ಹೆಸರು, ದಿನಾಂಕ ಎಲ್ಲವೂ ಸರಿಯಾಗಿಯೇ ಇರುತ್ತವೆ. ಪಠ್ಯರೂಪದ ಡಂಪ್ ಆಗಿದ್ದಲ್ಲಿ ಕಡತದ ಕೊನೆಯನ್ನು ನೋಡಿದರೆ ಸಾಕು. ಡಂಪ್ ಪೂರ್ಣಗೊಂಡಿತೆಂಬ ಟಿಪ್ಪಣಿಯನ್ನು ಎರಡೂ ಉಪಕರಣಗಳು ಅಲ್ಲಿ ಬರೆಯುತ್ತವೆ. ಆ ಟಿಪ್ಪಣಿ ಇಲ್ಲದ ಕಡತವನ್ನು ಬ್ಯಾಕಪ್ ಎಂದು ಪರಿಗಣಿಸತಕ್ಕದ್ದಲ್ಲ.

6. ಬ್ರೌಸರ್ ಮೂಲಕ ನಡೆಯುವ ಉಪಕರಣಗಳು

1998ರಲ್ಲಿ ಆರಂಭವಾದ ಪಿಎಚ್‌ಪಿಮೈಅಡ್ಮಿನ್, 2016ರಲ್ಲಿ ಬಂದ ಪಿಜಿಅಡ್ಮಿನ್ 4 ಮೊದಲಾದವುಗಳಲ್ಲಿ ಬಳಕೆದಾರರ ಮುಂದೆ ಇರುವುದು ಬ್ರೌಸರ್ ಮಾತ್ರ. ಉಪಕರಣವು ವೆಬ್ ಸರ್ವರ್‌ನಲ್ಲಿ ನಡೆಯುತ್ತದೆ, ದತ್ತಸಂಚಯ ಮತ್ತೊಂದು ಯಂತ್ರದಲ್ಲಿರಬಹುದು. ದತ್ತಸಂಚಯದ ದೃಷ್ಟಿಯಲ್ಲಿ ಕ್ಲೈಂಟ್ ಎಂದರೆ ಈ ವೆಬ್ ಸರ್ವರ್, ಮೇಜಿನ ಗಣಕಯಂತ್ರವಲ್ಲ. ಪಿಎಚ್‌ಪಿಮೈಅಡ್ಮಿನ್‌ನ ಪಟ್ಟಿ ತುಂಬುವ ಪುಟದಲ್ಲಿ ಲೋಡ್ ಡೇಟಾ ವಿಧಾನವನ್ನು ಆರಿಸಿದಾಗ ಕಾಣುವ "ಲೋಕಲ್" ಗುರುತಿನ ಅರ್ಥವೂ ವೆಬ್ ಸರ್ವರ್‌ಗೆ ಸ್ಥಳೀಯವಾದುದು ಎಂದೇ.

ಇಲ್ಲಿ ಕಡತವು ಮೊದಲು ಬ್ರೌಸರ್‌ನಿಂದ ವೆಬ್ ಸರ್ವರ್‌ಗೆ ಏರಬೇಕಾದ್ದರಿಂದ ಪಿಎಚ್‌ಪಿಯ ಮಿತಿಗಳು ಅನ್ವಯಿಸುತ್ತವೆ. ಮೂಲ ಏರ್ಪಾಡಿನಲ್ಲಿ ಏರಿಸಬಹುದಾದ ಕಡತದ ಗಾತ್ರ 2 ಮೆಗಾಬೈಟ್, ಒಟ್ಟು ಕೋರಿಕೆಯ ಗಾತ್ರ 8 ಮೆಗಾಬೈಟ್. ದೊಡ್ಡ ಕಡತಗಳಿಗಾಗಿ ಈ ಮಿತಿಗಳನ್ನು ಏರಿಸುವ ಬದಲು, ಕಡತವನ್ನು ವೆಬ್ ಸರ್ವರ್‌ನ ನಿಗದಿತ ಫೋಲ್ಡರಿಗೆ ಬೇರೆ ದಾರಿಯಿಂದ ಸಾಗಿಸಿ, ಉಪಕರಣದ "ಅಪ್‌ಲೋಡ್ ಡೈರ್" ಏರ್ಪಾಡಿನ ಮೂಲಕ ಆರಿಸುವ ಸೌಲಭ್ಯವಿದೆ.

ಪಿಜಿಅಡ್ಮಿನ್ 4 ಅನ್ನು ಮೇಜಿನ ಗಣಕಯಂತ್ರದಲ್ಲಿಯೇ ಸ್ಥಾಪಿಸಿದ್ದರೆ ಬ್ಯಾಕಪ್ ಅಲ್ಲಿಯೇ ದೊರೆಯುತ್ತದೆ. ಅದನ್ನು ಸರ್ವರ್ ವಿಧಾನದಲ್ಲಿ, ಹಲವರು ಬ್ರೌಸರ್‌ನಿಂದ ಬಳಸುವಂತೆ, ಸ್ಥಾಪಿಸಿದ್ದಲ್ಲಿ ಬ್ಯಾಕಪ್ ಕಡತವು ಪಿಜಿಅಡ್ಮಿನ್ ನಡೆಯುತ್ತಿರುವ ಯಂತ್ರದಲ್ಲಿ ಆ ಬಳಕೆದಾರರಿಗೆ ಮೀಸಲಾದ ಫೋಲ್ಡರಿನಲ್ಲಿ ಉಳಿಯುತ್ತದೆ. "ಸ್ಟೋರೇಜ್ ಮ್ಯಾನೇಜರ್" ಮೂಲಕ ಇಳಿಸಿಕೊಂಡಾಗಲೇ ಅದು ಕೈಗೆ ಬರುವುದು. ಹಿಂದಿನ ಪಿಜಿಅಡ್ಮಿನ್ 3 ಸಂಪೂರ್ಣವಾಗಿ ಮೇಜಿನ ಗಣಕಯಂತ್ರದ ತಂತ್ರಾಂಶವಾಗಿದ್ದುದರಿಂದ, ಅದರ ರೂಢಿಯಿದ್ದವರು ಈ ಬದಲಾವಣೆಯನ್ನು ವಿಶೇಷವಾಗಿ ಗಮನಿಸಬೇಕು.

7. ಕನ್ನಡ ಪಠ್ಯವಿರುವ ಕಡತಗಳು

ಯುಟಿಎಫ್-8 ಸಂಕೇತದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕು. "ಕ್ಕೆ" ಎಂಬ ಒಂದು ಒತ್ತಕ್ಷರವು ನಾಲ್ಕು ಸಂಕೇತಗಳಾಗಿ 12 ಬೈಟ್ ಆಗುತ್ತದೆ. ಮೇಲೆ ಹೇಳಿದ 2 ಮೆಗಾಬೈಟ್ ಮಿತಿಯು ಕನ್ನಡ ಪಟ್ಟಿಗಳಲ್ಲಿ ಬೇಗನೆ ಮುಗಿಯುವುದು ಈ ಕಾರಣದಿಂದ.

ಕಡತದ ಲಿಪಿಸಂಕೇತವನ್ನು ಯಾರು ನಿರ್ಧರಿಸುತ್ತಾರೆಂಬುದರಲ್ಲಿ ಅನಿರೀಕ್ಷಿತವಾದ ಅಂಶಗಳಿವೆ. ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಲ್ಲಿ ಕಡತವನ್ನು ಸರ್ವರ್ ತಾನೇ ಓದಿದರೂ, ಬೇರೆ ನಿರ್ದೇಶನವಿಲ್ಲದಿದ್ದಲ್ಲಿ, ಅದನ್ನು ಅರ್ಥೈಸುವುದು ಕ್ಲೈಂಟ್‌ನ ಲಿಪಿಸಂಕೇತದಂತೆ. ಮೈಎಸ್‌ಕ್ಯೂಎಲ್‌ನಲ್ಲಿ ಲೋಡ್ ಡೇಟಾ ಆಜ್ಞೆಯು ಕ್ಲೈಂಟ್‌ನ ಲಿಪಿಸಂಕೇತವನ್ನು ಲೆಕ್ಕಿಸುವುದೇ ಇಲ್ಲ. ದತ್ತಸಂಚಯದ ಲಿಪಿಸಂಕೇತವನ್ನು ಅನುಸರಿಸುತ್ತದೆ. 8.0ಕ್ಕಿಂತ ಹಿಂದಿನ ಆವೃತ್ತಿಗಳಲ್ಲಿ ಮೂಲ ಏರ್ಪಾಡಿನಂತೆ ಸೃಷ್ಟಿಸಿದ ದತ್ತಸಂಚಯಗಳಲ್ಲಿ ಅದು ಲ್ಯಾಟಿನ್ ಆಗಿರುವುದರಿಂದ ಕನ್ನಡ ಅಕ್ಷರಗಳು ಅರ್ಥಹೀನ ಚಿಹ್ನೆಗಳಾಗುತ್ತವೆ. ಎರಡೂ ವ್ಯವಸ್ಥೆಗಳಲ್ಲಿ ಆಜ್ಞೆಯಲ್ಲಿಯೇ ಲಿಪಿಸಂಕೇತವನ್ನು ನಮೂದಿಸುವ ಅವಕಾಶವಿದ್ದು, ತಪ್ಪದೆ ನಮೂದಿಸುವುದು ಕ್ಷೇಮ.

ಎಕ್ಸೆಲ್‌ನಿಂದ ಸಾಮಾನ್ಯ ಸಿಎಸ್‌ವಿ ಎಂದು ಉಳಿಸಿದರೆ ಕನ್ನಡ ಅಕ್ಷರಗಳು ಪ್ರಶ್ನಾರ್ಥಕ ಚಿಹ್ನೆಗಳಾಗಿ ಹೋಗುತ್ತವೆ, ಅವುಗಳನ್ನು ಮರಳಿ ಪಡೆಯಲಾಗದು. ಸಿಎಸ್‌ವಿ ಯುಟಿಎಫ್-8 ಎಂಬ ಬೇರೆ ಆಯ್ಕೆಯನ್ನು ಬಳಸಬೇಕು. ಅದು ಕಡತದ ಆರಂಭದಲ್ಲಿ ಕಣ್ಣಿಗೆ ಕಾಣದ ಗುರುತೊಂದನ್ನು ಸೇರಿಸುತ್ತದೆ. ಮೊದಲ ಸಾಲಿನ ಮೊದಲ ಅಂಕಣದ ಮೌಲ್ಯ ಮಾತ್ರ ತಾಳೆಯಾಗದಿದ್ದರೆ ಈ ಗುರುತು ಕಾರಣವಿರಬಹುದು. ವಿಂಡೋಸ್‌ನಲ್ಲಿ ತಯಾರಾದ ಕಡತದ ಪ್ರತಿ ಸಾಲಿನ ಕೊನೆಯಲ್ಲಿ ಎರಡು ಸಂಕೇತಗಳಿರುತ್ತವೆ. ಮೈಎಸ್‌ಕ್ಯೂಎಲ್‌ಗೆ ಅದನ್ನು ತಿಳಿಸದಿದ್ದರೆ ಕೊನೆಯ ಅಂಕಣದ ಮೌಲ್ಯಕ್ಕೆ ಹೆಚ್ಚಿನ ಸಂಕೇತವೊಂದು ಅಂಟಿಕೊಳ್ಳುತ್ತದೆ. ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ ಪಟ್ಟಿಗಳನ್ನು ತುಂಬುವ ಮೊದಲೇ ಯೂನಿಕೋಡ್‌ಗೆ ಪರಿವರ್ತಿಸಬೇಕು. ಯಾವ ಬದಿಯ ವಿಧಾನವೂ ಆ ಕೆಲಸವನ್ನು ಮಾಡಿಕೊಡುವುದಿಲ್ಲ.

8. ಉಳಿದುಹೋಗುವ ಕಡತಗಳು

ದತ್ತಸಂಚಯದೊಳಗೆ ಯಾರು ಏನನ್ನು ನೋಡಬಹುದೆಂಬ ನಿಯಂತ್ರಣವಿರುತ್ತದೆ. ಕಡತವಾಗಿ ಹೊರಬಂದ ಕ್ಷಣದಿಂದ ಆ ನಿಯಂತ್ರಣ ಅದಕ್ಕೆ ಅನ್ವಯಿಸುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮದಲ್ಲಿ, ವೈಯಕ್ತಿಕ ದತ್ತಾಂಶವನ್ನು ಇಟ್ಟುಕೊಂಡವರು ಅದರ ರಕ್ಷಣೆಗೆ ಯುಕ್ತ ಕ್ರಮಗಳನ್ನು ಕೈಗೊಳ್ಳಬೇಕೆಂದು ಹೇಳಲಾಗಿದೆ.

ಕಡತವು ಯಾವ ಬದಿಯಲ್ಲಿ ಉಳಿಯುತ್ತದೆ ಎಂಬುದರ ಮೇಲೆ ಅದನ್ನು ಹುಡುಕುವ ಸ್ಥಳವೂ ಬದಲಾಗುತ್ತದೆ. ಕ್ಲೈಂಟ್ ಬದಿಯ ಕೆಲಸವಾಗಿದ್ದಲ್ಲಿ ಮೇಜಿನ ಗಣಕಯಂತ್ರದ ಡೌನ್‌ಲೋಡ್ ಫೋಲ್ಡರನ್ನೂ ಪೆನ್ ಡ್ರೈವ್‌ಗಳನ್ನೂ ನೋಡಬೇಕು. ಸರ್ವರ್ ಬದಿಯದಾಗಿದ್ದಲ್ಲಿ ಸರ್ವರ್‌ನ ನಿಗದಿತ ಫೋಲ್ಡರನ್ನು ಮತ್ತು ತಾತ್ಕಾಲಿಕ ಫೋಲ್ಡರನ್ನು ನೋಡಬೇಕು. ಕೆಲವು ಲಿನಕ್ಸ್ ಏರ್ಪಾಡುಗಳಲ್ಲಿ ಸರ್ವರ್ ಸೇವೆಗೆ ಪ್ರತ್ಯೇಕವಾದ ಖಾಸಗಿ ತಾತ್ಕಾಲಿಕ ಫೋಲ್ಡರ್ ಇರುವುದರಿಂದ, ಬರೆದ ಕಡತವು ಸಾಮಾನ್ಯ ತಾತ್ಕಾಲಿಕ ಫೋಲ್ಡರಿನಲ್ಲಿ ಕಾಣದೆ ಇರಬಹುದು. ಸರ್ವರ್ ಬರೆದ ಕಡತದ ಒಡೆತನವು ಸರ್ವರ್ ಖಾತೆಯದಾಗಿರುವುದರಿಂದ ಆಜ್ಞೆ ನೀಡಿದವರಿಗೇ ಅದನ್ನು ಅಳಿಸುವ ಅನುಮತಿ ಇಲ್ಲದಿರುವುದೂ ಉಂಟು. ಆಗ ವ್ಯವಸ್ಥೆಯ ನಿರ್ವಾಹಕರನ್ನು ಕೋರಬೇಕು. ಬ್ರೌಸರ್ ಉಪಕರಣವನ್ನು ಬಳಸಿದ್ದಲ್ಲಿ ವೆಬ್ ಸರ್ವರ್‌ನ ಅಪ್‌ಲೋಡ್ ಫೋಲ್ಡರ್ ಮತ್ತು ಪಿಜಿಅಡ್ಮಿನ್‌ನ ಬಳಕೆದಾರ ಫೋಲ್ಡರ್ ಸಹ ಪರಿಶೀಲನೆಗೆ ಬರುತ್ತವೆ. ಸಿಬ್ಬಂದಿ ವರ್ಗಾವಣೆಯಾದಾಗ ಪ್ರಭಾರ ಪಟ್ಟಿಯಲ್ಲಿ ಈ ಫೋಲ್ಡರುಗಳನ್ನು ನಮೂದಿಸುವುದು ಸಾಮಾನ್ಯವಾಗಿ ಮರೆತುಹೋಗುತ್ತದೆ.

ಕ್ಲೌಡ್ ಸಂಸ್ಥೆಗಳು ನಿರ್ವಹಿಸುವ ದತ್ತಸಂಚಯ ಸೇವೆಗಳಲ್ಲಿ ಸರ್ವರ್‌ನ ಡಿಸ್ಕ್‌ಗೆ ಬಳಕೆದಾರರಿಗೆ ಪ್ರವೇಶವಿರುವುದಿಲ್ಲ. ಅಲ್ಲಿ ಪೋಸ್ಟ್‌ಗ್ರೆಸ್‌ಕ್ಯೂಎಲ್‌ನ ಕ್ಲೈಂಟ್ ಬದಿಯ ಕಾಪಿ, ಮೈಎಸ್‌ಕ್ಯೂಎಲ್‌ನ ಲೋಕಲ್ ರೂಪ ಅಥವಾ ಆಯಾ ಸಂಸ್ಥೆಯ ಸಂಗ್ರಹ ಸೇವೆಯ ಮೂಲಕವೇ ಕಡತಗಳು ಓಡಾಡಬೇಕು. ಲೋಕಲ್ ರೂಪವನ್ನು ಬಳಸಲೇಬೇಕಾದ ಇಂತಹ ಕಡೆಗಳಲ್ಲಿ 4ನೆಯ ಕಂಡಿಕೆಯಲ್ಲಿ ತಿಳಿಸಿದ ಸಾಲುಗಳ ಮತ್ತು ಮೊತ್ತದ ತಾಳೆಯನ್ನು ಪ್ರತಿ ಬಾರಿಯೂ ಮಾಡಿ, ಫಲಿತಾಂಶವನ್ನು ವಹಿಯಲ್ಲಿ ದಾಖಲಿಸತಕ್ಕದ್ದು.